ಮಗ್ಗುಲು ಬದಲಿಸುವ ಮಂತ್ರ

ತಂಗಿ ದೀಪಾಲಿ ಕೊಟ್ಟ ಚೀಟಿಯನ್ನು ಸೋಮೇಶ ಎರಡು ಸಲ ಓದಿದ. ವಿಜಾಪುರ ರಸ್ತೆಯ ಅವಳ ಮನೆಯಲ್ಲಿ ಪ್ರತಿ ರವಿವಾರ ಮಧ್ಯಾಹ್ನ ದಾಳ ಉರುಳಿಸಿ, ಒಬ್ಬೊಬ್ಬರೂ ಒಬ್ಬ ಮಾಂತ್ರಿಕನ ಪಾತ್ರ ವಹಿಸಿ ಆಡುವ ಈ ಆಟಕ್ಕೆ ಅವನೇ ಪಂಚ; ಯಾರು ಹೊಸ ಮಂತ್ರ ಕಟ್ಟಿದರೂ ಅವನು ಒಪ್ಪಬೇಕು. ಗೆಳೆಯ ಯೋಗಿರಾಜ ಕೀಲಿ ತೆರೆಯುವ ಮಂತ್ರ ಬರೆದಿದ್ದ. ದೀಪಾಲಿ ಬರೆದದ್ದು, ಮಲಗಿದವರನ್ನು ನೋವಾಗದಂತೆ ಮಗ್ಗುಲು ಬದಲಿಸುವ ಮಂತ್ರ.

"ಇದರಿಂದ ಯಾವ ರಾಕ್ಷಸ ಸಾಯ್ತಾನ?" ಯೋಗಿರಾಜ ನಕ್ಕ.

"ದಿನಕ್ಕ ಎಷ್ಟ ಸಲ ಬೇಕು?" ಸೋಮೇಶ ಕೇಳಿದ.

"ಹನ್ನೆರಡ. ಎರಡ ತಾಸಿಗೊಮ್ಮೆ."

"ಭಾಳ ಆತು. ನಿನ್ನ ಮಾಂತ್ರಿಕಗ ಅಷ್ಟ ಶಕ್ತಿ ಇಲ್ಲ. ಮೂರ ಸಲ ಕೊಡ್ತೀನಿ."

"ಉಳದ ಒಂಬತ್ತ ಸಲ ಯಾರ ಮಾಡಬೇಕಣ್ಣಾ?"

ಅಷ್ಟರಲ್ಲಿ ಒಳಕೋಣೆಯಲ್ಲಿ ಮೊಬೈಲಿನ ಅಲಾರಾಂ ಬಡಿದುಕೊಂಡಿತು. ದೀಪಾಲಿ ದಾಳ ಹಿಡಿದು ಕೂತೇ ಇದ್ದಳು. ಎರಡು ವರ್ಷಗಳಿಂದ ಆ ಕೋಣೆಯ ಹೊಸ್ತಿಲಲ್ಲೇ ನಿಂತು, ಹಾಸಿಗೆ ಹಿಡಿದ ಅವ್ವನನ್ನು ಮಾತನಾಡಿಸಿ ಬರುತ್ತಿದ್ದ ಸೋಮೇಶ ಎದ್ದು ಒಳಗೆ ಹೋದ. ಗೋಡೆಯತ್ತ ಮುಖ ಮಾಡಿ ಮಲಗಿದ್ದ ಅವ್ವ ಉಮಾಬಾಯಿಯ ಸೊಂಟದ ಕೆಳಗೆ ಕೈ ತೂರಿಸಿದ. ಬಟ್ಟೆಯ ಮೇಲಿಂದಲೇ, ಮಲಗಿ ಮಲಗಿ ಆದ ಹುಣ್ಣಿನ ಬಿಸಿ ತಾಗಿತು.

"ದೀಪಾ," ಅವ್ವ ಗೋಡೆಯತ್ತಲೇ ಅಂದಳು, "ಇವತ್ತ ಯಾಕ ನಿನ್ನ ಕೈ ಹಿಂಗ ನಡಗಾಕತ್ತಾವ?"