ಬಾಳೆಹಣ್ಣಿನ ಸಾಲು

ಆ ಪೇಟೆ ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಮಕ್ಕಳು ಎರಡು ಸಾಲಾಗುತ್ತಿದ್ದರು, ಒಂದು ಮೊಟ್ಟೆಗೆ, ಇನ್ನೊಂದು ಬಾಳೆಹಣ್ಣಿಗೆ. ಮೊಟ್ಟೆಯ ವಾಸನೆಗೆ ಆಗದ ಟೀಚರು ಸೆರಗನ್ನು ಮೂಗಿಗೊತ್ತಿಕೊಂಡೇ ಬಡಿಸುವುದನ್ನು ನೋಡಿಕೊಳ್ಳುತ್ತಿದ್ದರು. ಊಟವಾದ ಮೇಲೆ ಒಂದನೇ ಕ್ಲಾಸಿನ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವವರೂ ಅವರೇ. ಆ ಕ್ಲಾಸಿನ ಕಡ್ಡಿಯಂಥ ಹುಡುಗಿಯೊಬ್ಬಳು ಅವತ್ತೂ ಹಣ್ಣಿನ ಸಾಲಿನಲ್ಲೇ ನಿಂತಿದ್ದಳು.

“ಡಾಕ್ಟ್ರು ನಿಂಗೆ ಮೊಟ್ಟೆ ತಿನ್ನು ಅಂದಿಲ್ವೇನೇ? ನಿಮ್ಮನೇಲಿ ತಿನ್ನಲ್ವಾ?”

“ತಿಂತೀವಿ ಮಿಸ್.”

“ನಿಂಗೆ ಸೇರಲ್ವಾ?”

“ತುಂಬಾ ಇಷ್ಟ ಮಿಸ್.”

“ಮತ್ತಿನ್ನೇನು ಬಿಂಕ? ನಡಿ ಆ ಕಡೆ.”

ಹುಡುಗಿ ಕದಲಲಿಲ್ಲ. ಬಲಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ, ಟೀಚರ ಮೂಗಿನ ಮೇಲಿನ ಸೆರಗನ್ನೇ ನೋಡುತ್ತ, ತಪ್ಪು ತನ್ನದೇ ಎಂಬಂತೆ ಮೆಲ್ಲಗೆ ಅಂದಳು:

“ಮೊಟ್ಟೆ ತಿಂದಿರೋರ ಕೈ ಹಿಡ್ದು ನೀವು ಬರೆಸಲ್ವಲ್ಲ ಮಿಸ್.”