ತಂತಿ ತುಂಡಾದ ಜಾಗ

"ನಾಳೆ ಹತ್ತು ಗಂಟೆಗೆ ಪರೀಕ್ಷಕರು ಮನೆಗೇ ಬರ್ತಾರೆ. ಹೇಗಾದ್ರೂ ಸರಿ ಮಾಡಿಕೊಡಿ" ಎಂದು ತಾಯಿ ಪಿಯಾನೊ ರಿಪೇರಿಯವನಿಗೆ ಕೈಮುಗಿದಳು. ಮಗಳು ಊದಿಕೊಂಡ ಎರಡೂ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡು ಗೋಡೆಗೊರಗಿ ನಿಂತಿದ್ದಳು.

ಸ್ಟ್ಯಾಂಡಿನ ಮೇಲೆ ತೆರೆದಿಟ್ಟಿದ್ದ ಸ್ವರಪುಸ್ತಕದಲ್ಲಿದ್ದ ಸೊನಾಟಾ ಅವನಿಗೆ ಗೊತ್ತಿದ್ದ ಕೃತಿಯೇ. ಅದರ ಕೊನೆಯ ಭಾಗ ಹುಚ್ಚು ಹೊಳೆಯಂಥದ್ದು. ನುಡಿಸುವವರಿಗೆ ಉಸಿರಾಡಲೂ ಪುರುಸೊತ್ತು ಕೊಡುವುದಿಲ್ಲ.

ಅವನು ಮುಚ್ಚಳ ಎತ್ತಿದ. ಆರು ತಂತಿ ಹೋಗಿದ್ದವು. ನುಡಿಸುವ ರಭಸಕ್ಕೆ ಹೋಗುವ ತಂತಿ ಅದನ್ನು ಸುತ್ತಿ ಬಿಗಿದ ಮೊಳೆಯ ಹತ್ತಿರ ತುಂಡಾಗುತ್ತದೆ. ಇವು ನಟ್ಟನಡುವೆ, ಒಂದೇ ಸಾಲಿನಲ್ಲಿ ತುಂಡಾಗಿದ್ದವು. ಯಾರೋ ಕತ್ತರಿಸಿದ್ದರು. ಅವನು ಹುಡುಗಿಯ ಕೈ ನೋಡಿದ. ಪಾಪ, ನುಡಿಸೋದು ತಪ್ಪಿಸಿಕೊಳ್ಳೋಕೆ ಇನ್ನೇನು ಮಾಡಿಯಾಳು ಅನಿಸಿತು.

"ಈ ಅಳತೆಯ ತಂತಿ ನನ್ನ ಹತ್ರ ಇಲ್ಲಮ್ಮ. ತರಿಸೋಕೆ ವಾರ ಬೇಕು" ಎಂದ. ತಂತಿ ಚೀಲದಲ್ಲೇ ಇತ್ತು.

ಹುಡುಗಿ ಕುಸಿದು ಅವನ ಕಾಲು ಹಿಡಿದುಕೊಂಡಳು. "ಹಾಗನ್ಬೇಡಿ ಅಂಕಲ್. ಎರಡು ವರ್ಷದಿಂದ ಇದೊಂದನ್ನೇ ನುಡಿಸ್ತಿದೀನಿ. ಇದು ಬಿಟ್ರೆ ನಂಗೆ ಇನ್ನೇನೂ ಇಲ್ಲ."

ಬಿಕ್ಕುತ್ತಿದ್ದವಳನ್ನು ತಾಯಿ ಮುಖ ತೊಳೆಯಲು ಒಳಗೆ ಕಳಿಸಿದಳು.

"ತಂತಿ ಇದೆಯಮ್ಮ, ನಾನೇ ತಪ್ಪು ತಿಳಿದೆ" ಎನ್ನುತ್ತ ಅವನು ಚೀಲದ ಬಾಯಿ ಬಿಚ್ಚಿದ.

"ಇನ್ನು ನುಡಿಸಿದ್ರೆ ಕೈಯೇ ಹೋಗತ್ತೆ ಅಂದಿದಾರೆ ಡಾಕ್ಟ್ರು. ಇಲ್ಲ ಅಂದ್ರಲ್ಲ, ಇಲ್ಲ ಅಂತ್ಲೇ ಇರ್ಲಿ" ಎಂದ ತಾಯಿ, ಸೆರಗಿನ ಮರೆಯಿಂದ ಕಟಿಂಗ್ ಪ್ಲೇಯರ್ ತೆಗೆದು ಅವನ ಚೀಲದೊಳಗೆ ಹಾಕಿದಳು.