ಡಂಗೂರ

ಅಧಿಕಾರಿ ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ಶಿಲುಬೆಗೇರಿಸಿ ಕೊಂದ ಬಡಗಿಯೊಬ್ಬ ಎದ್ದು ಬಂದನೆಂಬ ಕತೆ ಬಂದರಿನ ಕೇರಿಗಳಿಗೆಲ್ಲ ಹಬ್ಬಿತ್ತು. ಅದನ್ನು ನಂಬಿದ ಮನೆಗಳಲ್ಲಿ ಗುಲಾಮರು ಒಡೆಯರ ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದರು. ಕತೆ ಹಬ್ಬಿಸಿದವನನ್ನು ಸಂಜೆಯೊಳಗೆ ಹಿಡಿದು ತರಬೇಕೆಂದು ದೊರೆಯ ಆಜ್ಞೆಯಾಗಿತ್ತು.

ಮೊದಲು ಸಿಕ್ಕವಳು ನೀರು ಹೊರುವ ಹೆಂಗಸು.

“ಈ ಕತೆ ನಿಂಗ್ಯಾರೇ ಹೇಳಿದ್ದು?”

“ಮೀನು ಮಾರೋಳು, ಬುದ್ಧಿ.”

ಮೀನಿನವಳು ಕ್ಷೌರಿಕನತ್ತ ಕೈ ತೋರಿಸಿದಳು. ಕ್ಷೌರಿಕ, ಬಟ್ಟೆಗೆ ಬಣ್ಣ ಹಾಕುವ ಮುದುಕಿಯತ್ತ ತೋರಿಸಿದ. ಅಧಿಕಾರಿ ಓಡಿಕೊಂಡೇ ಬಂದು ಚಾವಟಿ ಎತ್ತಿದ.

“ನಿಂಗೆ ಈ ಕತೆ ಹೇಳಿದ ಬೋಧಕ ಯಾವೂರಿಂದ ಬಂದಿದ್ದ? ಬೊಗಳು!”

ಮುದುಕಿ ತೊಟ್ಟಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

“ಬೋಧಕ ಯಾರೂ ಬಂದಿಲ್ಲ, ಬುದ್ಧಿ. ಹೋದ ತಿಂಗಳು ನಿಮ್ಮ ಡಂಗೂರದವನೇ ಕೇರಿಕೇರೀಲಿ ಸಾರಿದ್ನಲ್ಲ. ಸತ್ತೋನು ಎದ್ದು ಬಂದ ಅನ್ನೋದು ಸುಳ್ಳು, ಗುಲಾಮನೂ ಒಡೆಯನೂ ಒಂದೇ ಅನ್ನೋದು ಸುಳ್ಳು, ಯಾರೂ ನಂಬಕೂಡದು ಅಂತ.”

“ನಂಬಬೇಡಿ ಅಂತಲ್ಲವೇನೇ ನಾನು ಸಾರಿಸಿದ್ದು!”

“ಹೌದು ಬುದ್ಧಿ. ನಮ್ಮ ಕೇರೀಲಿ ಹೆಣ ಬಿದ್ರೂ ಇಣುಕಿ ನೋಡದ ದೊರೆಗಳು ಇಷ್ಟೊಂದು ಹೆದರಿದಾರೆ ಅಂದ್ಮೇಲೆ, ನಿಜವೇ ಇರ್ಬೇಕು ಅಂದ್ಕೊಂಡ್ವಿ.”